ಎನ್‌ಕ್ಲೆಕ್ಸ್-ಪಿಎನ್‌ಗೆ ಕ್ಲಿನಿಕಲ್ ಜಡ್ಜ್‌ಮೆಂಟ್ ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪ್ರಾಕ್ಟಿಕಲ್ ನರ್ಸ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್-ಪಿಎನ್‌ಗೆ ಓದುವವರ ದೂರು ಹೆಚ್ಚುಕಡಿಮೆ ಒಂದೇ. "ಪಾಠ ಎಲ್ಲಾ ಗೊತ್ತು, ಉತ್ತರ ಮಾತ್ರ ತಪ್ಪಾಗುತ್ತೆ." ಪಾಠ ಗೊತ್ತಿರುವುದು ನಿಜವೇ. ರೋಗಿಯನ್ನು ನೋಡುವ ಮೊದಲೇ ಕೈ ಆಯ್ಕೆಗಳ ಕಡೆ ಹೋಗುತ್ತದೆ, ತೊಂದರೆ ಅಲ್ಲಿದೆ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಆ ಕೈಯನ್ನು ತಡೆಯುವುದು ಹೇಗೆ ಅನ್ನುವುದರ ಬಗ್ಗೆಯೇ.

ಈ ಪರೀಕ್ಷೆ ಯಾರಿಗೆ? ನಾನು ಜಿಎನ್‌ಎಂ ಮಾಡಿದ್ದೇನೆ, ಇದನ್ನೇ ಬರೆಯಬೇಕಾ?

ಎನ್‌ಕ್ಲೆಕ್ಸ್-ಪಿಎನ್ ಬರೆಯುವುದು ಎಲ್‌ಪಿಎನ್, ಅಂದರೆ ಲೈಸೆನ್ಸ್ ಪಡೆದ ಪ್ರಾಕ್ಟಿಕಲ್ ನರ್ಸ್ ಆಗಲು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಇದೇ ಕೆಲಸಕ್ಕೆ ಎಲ್‌ವಿಎನ್ ಅಂತಾರೆ. ಕರ್ನಾಟಕದಲ್ಲಿ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮಾಡಿದವರು ಸಾಮಾನ್ಯವಾಗಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್, ಎಲ್‌ಪಿಎನ್‌ಗಿಂತ ಮೇಲಿನ ಹಂತ) ಪರೀಕ್ಷೆಯ ದಾರಿ ಹಿಡಿಯುತ್ತಾರೆ. ಪಿಎನ್ ಕಡೆ ಬರುವವರು ಹೆಚ್ಚಾಗಿ ಮದುವೆಯಾಗಿಯೋ ಮನೆಯವರ ಕೆಲಸದ ಜೊತೆಗೋ ಅಲ್ಲಿಗೆ ಹೋಗಿ, ಅಲ್ಲೇ ಪ್ರಾಕ್ಟಿಕಲ್ ನರ್ಸಿಂಗ್ ಕೋರ್ಸ್ ಮಾಡಿದವರು. ನಿಮಗೆ ಯಾವುದು ಅನ್ವಯ ಅಂತ ಹೇಳುವುದು ನೀವು ಅರ್ಜಿ ಹಾಕುವ ರಾಜ್ಯದ ನರ್ಸಿಂಗ್ ಬೋರ್ಡ್. ಏಜೆಂಟರಲ್ಲ.

ಕೆನಡಾದ ಒಂಟಾರಿಯೊ ಮತ್ತು ಬ್ರಿಟಿಷ್ ಕೊಲಂಬಿಯಾದಲ್ಲಿ 2022ರ ಜನವರಿಯಿಂದ ರೆಕ್ಸ್-ಪಿಎನ್ ಎಂಬ ಬೇರೆ ಪರೀಕ್ಷೆ ಇದೆ. ಎರಡನ್ನೂ ಸಿದ್ಧಪಡಿಸುವುದು ಎನ್‌ಸಿಎಸ್‌ಬಿಎನ್ ಎಂಬ ಒಂದೇ ಸಂಸ್ಥೆ. ಆದರೂ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಕ್ಲಿನಿಕಲ್ ಜಡ್ಜ್‌ಮೆಂಟ್ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ಹಾಸಿಗೆ ಪಕ್ಕ ನಿಂತಾಗ ಏನು ಕಂಡಿತು, ಅದಕ್ಕೆ ನೀವು ಏನು ಮಾಡಿದಿರಿ, ಯಾಕೆ. ಇಷ್ಟೇ.

ಪರೀಕ್ಷೆಯವರು ಇದನ್ನು ಆರು ಹೆಜ್ಜೆಗಳಾಗಿ ಒಡೆದಿದ್ದಾರೆ. ಇಂಗ್ಲಿಷಿನ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಹೆಸರು ಮಾತ್ರ ಉಳಿಯುತ್ತದೆ. ನಾನು ಹೇಳಿಕೊಡುವಾಗ ಮನೆಮಾತಿನ ಆರು ಪ್ರಶ್ನೆ ಮಾಡಿಕೊಂಡಿದ್ದೇನೆ: ಏನು ಕಾಣ್ತಿದೆ? ಯಾಕಿರಬಹುದು? ಯಾವುದು ಮೊದಲು? ಏನೇನು ಮಾಡಬಹುದು? ಈಗ ಏನು ಮಾಡ್ತೀನಿ? ಮಾಡಿದ್ದು ಕೆಲಸ ಮಾಡ್ತಾ?

2023ರಲ್ಲಿ ಪರೀಕ್ಷೆ ಬದಲಾಯಿತಂತೆ. ಏನು ಬದಲಾಯಿತು?

2023ರ ಏಪ್ರಿಲ್ 1ರಿಂದ ನೆಕ್ಸ್ಟ್ ಜನರೇಶನ್ ಎನ್‌ಕ್ಲೆಕ್ಸ್ ಬಂತು. ಒಬ್ಬ ರೋಗಿಯ ಚಾರ್ಟ್ ಕೊಟ್ಟು ಅದರ ಮೇಲೆ ಆರು ಪ್ರಶ್ನೆ ಕೇಳುವ ಕೇಸ್ ಸ್ಟಡಿಗಳು ಸೇರಿದವು. ಅಂಕ ಬರುವಂಥ ಕೇಸ್‌ಗಳು ಮೂರು, ಅಂದರೆ ಹದಿನೆಂಟು ಪ್ರಶ್ನೆ. ಆರೂ ಪ್ರಶ್ನೆ ಮೇಲಿನ ಆರು ಹೆಜ್ಜೆಗಳನ್ನೇ ಹಿಡಿದು ಬರುತ್ತವೆ. ಇವಲ್ಲದೆ ಬಿಡಿಬಿಡಿಯಾಗಿ ಬೋಟೈ (ತೊಂದರೆಗೆ ಕೆಲಸಗಳನ್ನೂ ಗಮನಿಸುವ ಅಂಶಗಳನ್ನೂ ಜೋಡಿಸುವುದು), ಟ್ರೆಂಡ್ (ಹೊತ್ತು ಕಳೆದಂತೆ ರೋಗಿಯಲ್ಲಿ ಆದ ಬದಲಾವಣೆ ನೋಡುವುದು) ಎಂಬ ಹೊಸ ಬಗೆಯ ಪ್ರಶ್ನೆಗಳೂ ಬರಬಹುದು.

ಒಟ್ಟು ಕನಿಷ್ಠ 85, ಗರಿಷ್ಠ 150 ಪ್ರಶ್ನೆ. ಸಮಯ ಐದು ಗಂಟೆ. ಇದರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಅವು ಮುಂದಿನ ಪರೀಕ್ಷೆಗಾಗಿ ಪ್ರಯೋಗಕ್ಕೆ ಹಾಕಿದವು. ಯಾವ ಹದಿನೈದು ಅಂತ ತಿಳಿಯುವುದಿಲ್ಲ, ಹುಡುಕಲೂ ಹೋಗಬೇಡಿ.

ಕೇಸ್‌ನ ಮೊದಲ ಪ್ರಶ್ನೆ ತಪ್ಪಾದರೆ ಆರೂ ಹೋದ ಹಾಗೇನಾ?

ಅಲ್ಲ. ಪ್ರತಿ ಪ್ರಶ್ನೆಗೂ ಬೇರೆ ಅಂಕ. ಮುಂದಿನ ಪರದೆಗಳಲ್ಲಿ ಸಾಮಾನ್ಯವಾಗಿ ಹೊಸ ಮಾಹಿತಿ ಬರುತ್ತದೆ, ಅದನ್ನು ನೋಡಿ ದಾರಿ ಸರಿಮಾಡಿಕೊಳ್ಳಬಹುದು. ಆದರೆ ಹಿಂದೆ ಹೋಗಿ ತಿದ್ದಲು ಆಗುವುದಿಲ್ಲ.

ಒಂದು ಕೇಸ್ ಬಿಡಿಸಿ ತೋರಿಸುತ್ತೀರಾ?

ತೋರಿಸುತ್ತೇನೆ. ನಿಧಾನವಾಗಿ ಓದಿ. ನಾನೇ ಕಟ್ಟಿದ ಕೇಸ್ ಇದು.

ನೀವು ಒಂದು ನರ್ಸಿಂಗ್ ಹೋಮ್‌ನಲ್ಲಿ ಎಲ್‌ಪಿಎನ್. ಇಲ್ಲೇ ಒಂದು ಮಾತು. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಡಾಕ್ಟರ್ ನಡೆಸುವ ಸಣ್ಣ ಆಸ್ಪತ್ರೆ. ಅಲ್ಲಿ ಅದು ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ, ಡಾಕ್ಟರ್ ಪಕ್ಕದ ಕೋಣೆಯಲ್ಲಿ ಇರುವುದಿಲ್ಲ. ಈ ಪದ ಓದಿದ ಕೂಡಲೇ ಮನಸ್ಸಿನ ಚಿತ್ರ ಬದಲಾಗಬೇಕು.

74 ವರ್ಷದ ಮಹಿಳೆ. ಟೈಪ್ 2 ಡಯಾಬಿಟಿಸ್, ಬಿಪಿ ಎರಡೂ ಇವೆ. ದಿನಾ ಮೆಟೊಪ್ರೊಲಾಲ್, ಊಟಕ್ಕೆ ಮುಂಚೆ ಇನ್ಸುಲಿನ್ ಲಿಸ್ಪ್ರೋ. ಬೆಳಿಗ್ಗೆ 8ಕ್ಕೆ ಇನ್ಸುಲಿನ್ ಕೊಟ್ಟಿದ್ದಾರೆ. 8:15ಕ್ಕೆ ತಿಂಡಿ ಬಂತು, ಎರಡು ಚಮಚ ತಿಂದು ಹೊಟ್ಟೆ ತೊಳಸುತ್ತಿದೆ ಅಂತ ತಟ್ಟೆ ತಳ್ಳಿದರು. 9:15ಕ್ಕೆ ಸಹಾಯಕಿ ಬಂದು "ಯಾಕೋ ಎಂದಿನ ಹಾಗಿಲ್ಲ" ಅನ್ನುತ್ತಾಳೆ. ಹೋಗಿ ನೋಡಿದರೆ ಬಟ್ಟೆ ಬೆವರಿಗೆ ಒದ್ದೆ. ಕೈ ನಡುಗುತ್ತಿದೆ. ಸಿಡುಕುತ್ತಿದ್ದಾರೆ, ಮಾತು ಒಂದಕ್ಕೊಂದು ಸೇರುತ್ತಿಲ್ಲ. ನಾಡಿ 74, ಬಿಪಿ 138/82, ಉಸಿರಾಟ 18, ಸ್ಯಾಚುರೇಶನ್ (ರಕ್ತದ ಆಮ್ಲಜನಕ) ಶೇ 96, ಜ್ವರ ಇಲ್ಲ. ಹಳೆಯ ಮಂಡಿ ನೋವು ಇದೆ, ಪಾದದಲ್ಲಿ ಸ್ವಲ್ಪ ಊತ.

ಏನು ಕಾಣ್ತಿದೆ? ಬೆವರು, ನಡುಕ, ಗೊಂದಲ. ಜೊತೆಗೆ ಚಾರ್ಟಿನ ಮೂಲೆಯಲ್ಲಿರುವ ಎರಡು ಸಾಲು: ಇನ್ಸುಲಿನ್ ಕೊಟ್ಟಿದೆ, ತಿಂಡಿ ಹೋಗಿಲ್ಲ. ಮಂಡಿ ನೋವು ನಿಜವೇ, ಆದರೆ ಈ ಹೊತ್ತಿನ ಸುದ್ದಿಯಲ್ಲ. ಹೈಲೈಟ್ ಮಾಡಿ ಅಂದಾಗ ಕಂಡದ್ದೆಲ್ಲ ಹಳದಿ ಬಳಿದರೆ ಅಂಕ ಹೋಗುತ್ತದೆ.

ಯಾಕಿರಬಹುದು? ಶುಗರ್ ಇಳಿದಿರಬಹುದು. ಇಲ್ಲಿ ತುಂಬಾ ಜನ ನಾಡಿ 74 ನೋಡಿ ಹಿಂಜರಿಯುತ್ತಾರೆ. ಶುಗರ್ ಇಳಿದರೆ ಎದೆ ಹೊಡೆದುಕೊಳ್ಳಬೇಕಲ್ವಾ ಅಂತ. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್, ಅದು ನಾಡಿ ಏರುವುದನ್ನು ಮರೆಮಾಡುತ್ತದೆ. ಬೆವರನ್ನು ಮರೆಮಾಡುವುದಿಲ್ಲ. ಫಾರ್ಮಕಾಲಜಿ ಪಾಠದಲ್ಲಿ ಈ ಸಾಲು ಎಲ್ಲರೂ ಓದಿರುತ್ತಾರೆ. ರೋಗಿಯ ಒದ್ದೆ ಬಟ್ಟೆಗೂ ಆ ಸಾಲಿಗೂ ಗಂಟು ಹಾಕುವುದೇ ಎರಡನೇ ಹೆಜ್ಜೆ.

ಯಾವುದು ಮೊದಲು? ಗೊಂದಲ, ಒಂದಕ್ಕೊಂದು ಸೇರದ ಮಾತು ಅಂದರೆ ಪಾರ್ಶ್ವವಾಯುವೂ ಆಗಿರಬಹುದು. ಸೋಂಕೂ ಇರಬಹುದು. ಆದರೆ ಶುಗರ್ ನೋಡಲು ಒಂದು ನಿಮಿಷ ಸಾಕು, ಇಳಿದಿದ್ದರೆ ಕೂಡಲೇ ಸರಿಪಡಿಸಬಹುದು, ಬಿಟ್ಟರೆ ಪ್ರಾಣಕ್ಕೆ ಅಪಾಯ. ಹಾಗಾಗಿ ಅದೇ ಮೊದಲು. ಮುಂದಿನ ಪರದೆಯಲ್ಲಿ ಬರುತ್ತದೆ: 52.

ಏನೇನು ಮಾಡಬಹುದು? ಜ್ಯೂಸ್ ಕೊಡಬಹುದು. ಶುಗರ್ ಏರಿಸುವ ಗ್ಲುಕಗಾನ್ ಚುಚ್ಚಬಹುದು. ಎಚ್ಚರ ಇದ್ದಾರಾ, ನುಂಗುತ್ತಾರಾ ಅನ್ನುವುದರ ಮೇಲೆ ಆಯ್ಕೆ ನಿಂತಿದೆ. ನುಂಗುತ್ತಾರೆ ಅಂದರೆ ಬಾಯಿಂದ. ನುಂಗಲಾರದವರ ಬಾಯಿಗೆ ಸಕ್ಕರೆ ನೀರು ಸುರಿಯುವುದು ನಮ್ಮ ಮನೆಗಳಲ್ಲಿ ಮಾಡುವ ತಪ್ಪು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಈಗ ಏನು ಮಾಡ್ತೀನಿ? ಬೇಗ ರಕ್ತಕ್ಕೆ ಸೇರುವ ಸಕ್ಕರೆ 15 ಗ್ರಾಂ, ಅಂದರೆ ಸುಮಾರು 120 ಮಿಲಿ ಜ್ಯೂಸ್. ರೋಗಿಯನ್ನು ಬಿಟ್ಟು ಹೋಗುವುದಿಲ್ಲ, ಸಹಾಯಕಿಯನ್ನು ಕಳಿಸಿ ಆರ್‌ಎನ್‌ಗೆ ತಿಳಿಸುತ್ತೀನಿ. ಈಕೆಗೆ ಕಿಡ್ನಿ ಕಾಯಿಲೆಯೂ ಇದ್ದಿದ್ದರೆ ಕಿತ್ತಳೆ ಜ್ಯೂಸ್ ಬಿಟ್ಟು ಸೇಬಿನ ಜ್ಯೂಸ್. ಕಿತ್ತಳೆಯಲ್ಲಿ ಪೊಟ್ಯಾಸಿಯಂ ಜಾಸ್ತಿ.

ಮಾಡಿದ್ದು ಕೆಲಸ ಮಾಡ್ತಾ? 15 ನಿಮಿಷದ ನಂತರ 66. ಬೆವರು ಕಡಿಮೆ. ಅರ್ಧ ಜನ ಇಲ್ಲಿ "ಸುಧಾರಿಸಿದ್ದಾರೆ, ದಾಖಲಿಸಿ" ಅನ್ನುವುದನ್ನು ಒತ್ತಿ ಮುಂದೆ ಹೋಗುತ್ತಾರೆ. 52ಕ್ಕಿಂತ 66 ಜಾಸ್ತಿ, ಸರಿ. ಆದರೆ ಗೆರೆ ಇರುವುದು 70ರಲ್ಲಿ. ಇನ್ನೊಮ್ಮೆ 15 ಗ್ರಾಂ, ಇನ್ನೊಮ್ಮೆ 15 ನಿಮಿಷ. ಆಮೇಲೆ 98 ಬಂದು, ಮಾತು ತಿಳಿಯಾದರೆ, ಏನಾದರೂ ತಿನ್ನಿಸಬೇಕು. ಮತ್ತೆ, ಆ ಹೊಟ್ಟೆ ತೊಳಸು ಯಾಕೆ ಬಂತು ಅನ್ನುವುದು ಇನ್ನೂ ಬಾಕಿ ಇದೆ. ಮಧ್ಯಾಹ್ನದ ಇನ್ಸುಲಿನ್‌ಗೆ ಮೊದಲು ಆರ್‌ಎನ್ ಜೊತೆ ಮಾತಾಡಬೇಕು.

"ಆರ್‌ಎನ್‌ಗೆ ತಿಳಿಸಿ" ಅನ್ನುವ ಆಯ್ಕೆ ಇದ್ದರೆ ಅದೇ ಸರಿ ಉತ್ತರನಾ?

ಕೆಲವೊಮ್ಮೆ ಸರಿ, ಕೆಲವೊಮ್ಮೆ ಶುದ್ಧ ತಪ್ಪು. ನಿಮ್ಮ ಕೈಯಲ್ಲೇ ಆಗುವ, ತಕ್ಷಣ ಆಗಬೇಕಾದ ಕೆಲಸ ಇದ್ದರೆ ಮೊದಲು ಅದು. ಬಾಟಲಿಯಿಂದ ರಕ್ತ ಏರಿಸುತ್ತಿರುವ ರೋಗಿಗೆ ಚಳಿ, ಜ್ವರ, ಬೆನ್ನು ನೋವು ಶುರುವಾಯಿತು ಅಂದರೆ ಮೊದಲು ರಕ್ತ ಏರಿಸುವುದನ್ನು ನಿಲ್ಲಿಸಿ, ಆಮೇಲೆ ಕರೆಯಿರಿ. ಇನ್ನೊಂದು ಕಡೆ, ಮುಖ ಒಂದು ಬದಿಗೆ ಜೋತಿದೆ, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ, ಶುಗರ್ 110. ಇಲ್ಲಿ ಇನ್ನೇನು ನೋಡುವುದು? ತಕ್ಷಣ ತಿಳಿಸಬೇಕು, ಕೊನೆಯದಾಗಿ ಯಾವಾಗ ಸರಿಯಾಗಿದ್ದರು ಅನ್ನುವ ಹೊತ್ತು ಹೇಳಬೇಕು. "ಮತ್ತೊಮ್ಮೆ ಬಿಪಿ ನೋಡಿ" ಅನ್ನುವುದು ಕಾಲ ಕಳೆಯುವ ಆಯ್ಕೆ.

ಆರ್‌ಎನ್ ಪುಸ್ತಕ, ಆರ್‌ಎನ್ ಪ್ರಶ್ನೆಗಳಲ್ಲಿ ಅಭ್ಯಾಸ ಮಾಡಬಹುದಾ?

ರೋಗದ ಪಾಠಕ್ಕೆ ಆಗುತ್ತದೆ. ಜಡ್ಜ್‌ಮೆಂಟ್‌ಗೆ ಬೇಡ. ಒಂದೇ ರೋಗಿ, ಒಂದೇ ತೊಂದರೆ, ಆದರೆ ನೀವು ಯಾರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಹೊಸದಾಗಿ ದಾಖಲಾದವರ ಮೊದಲ ಪೂರ್ಣ ಅಸೆಸ್‌ಮೆಂಟ್, ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಮೊದಲ ಸಲ ಕಲಿಸುವುದು, ಕೇರ್ ಪ್ಲಾನ್ ಶುರು ಮಾಡುವುದು ಆರ್‌ಎನ್ ಕೆಲಸ. ಮಾಹಿತಿ ಕೂಡಿಸುವುದು, ಕಲಿಸಿದ್ದನ್ನು ಮತ್ತೆ ಮನದಟ್ಟು ಮಾಡುವುದು, ಪ್ಲಾನಿಗೆ ತನ್ನ ಮಾತು ಸೇರಿಸುವುದು ಎಲ್‌ಪಿಎನ್ ಕೆಲಸ. ಆಯ್ಕೆಗಳಲ್ಲಿರುವ ಕ್ರಿಯಾಪದ ನೋಡಿ. ಕಲಿಸುವುದೋ, ಕಲಿಸಿದ್ದನ್ನು ನೆನಪಿಸುವುದೋ? ಎಷ್ಟೋ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ.

ಐವಿ ಔಷಧಿಯಂಥ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಪರೀಕ್ಷೆ ದೇಶಕ್ಕೆಲ್ಲ ಒಂದೇ, ಹಾಗಾಗಿ ನಿಮ್ಮ ರಾಜ್ಯದ ರೂಢಿಯನ್ನು ಉತ್ತರಕ್ಕೆ ತರಬೇಡಿ. 2023ರ ಟೆಸ್ಟ್ ಪ್ಲಾನ್‌ನಲ್ಲಿ ಅತಿ ದೊಡ್ಡ ಪಾಲು, ಶೇ 18ರಿಂದ 24, ಕೋಆರ್ಡಿನೇಟೆಡ್ ಕೇರ್‌ಗೆ ಇತ್ತು. ಯಾರ ಕೆಲಸ ಯಾರದು, ಯಾರಿಗೆ ಏನು ಒಪ್ಪಿಸಬಹುದು ಅನ್ನುವುದೆಲ್ಲ ಅದರೊಳಗೇ ಬರುತ್ತದೆ.

ನಾಲ್ಕು ರೋಗಿ ಕೊಟ್ಟು ಯಾರನ್ನು ಮೊದಲು ನೋಡುತ್ತೀರಿ ಅಂದರೆ ತಲೆ ಕೆಡುತ್ತದೆ. ಎಬಿಸಿ ಸಾಕಲ್ವಾ?

ಎಬಿಸಿ, ಅಂದರೆ ಮೊದಲು ಶ್ವಾಸನಾಳ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ ಅನ್ನುವ ಸೂತ್ರ, ಒಳ್ಳೆಯ ಆಳು, ಯಜಮಾನ ಅಲ್ಲ. ಈ ನಾಲ್ವರನ್ನು ನೋಡಿ. ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವವರು, ಸ್ಯಾಚುರೇಶನ್ 90. ಸೊಂಟದ ಆಪರೇಷನ್ ಆಗಿ ಒಂದು ದಿನ, ನೋವು ಹತ್ತಕ್ಕೆ ಏಳು. ಕಾಲಿನ ಹುಣ್ಣಿಗೆ ಡ್ರೆಸಿಂಗ್ ಕಾಯುತ್ತಿರುವವರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಮಾರ್ಫಿನ್ ಕೊಟ್ಟರೂ ನೋವು ಇಳಿದಿಲ್ಲ, ಬೆರಳು ಜುಮ್ಮೆನ್ನುತ್ತಿದೆ.

90 ನೋಡಿದ ಕೂಡಲೇ "ಉಸಿರಾಟ ಮೊದಲು" ಅಂತ ಒತ್ತುವವರೇ ಜಾಸ್ತಿ. ಸಿಒಪಿಡಿಯಲ್ಲಿ 88ರಿಂದ 92 ನಿರೀಕ್ಷಿತವೇ. ಆಪರೇಷನ್ ಮರುದಿನದ ನೋವೂ ನಿರೀಕ್ಷಿತ. ಪ್ಲಾಸ್ಟರ್ ಕಾಲು ಮಾತ್ರ ನಿರೀಕ್ಷೆ ಮೀರಿದೆ. ಒಳಗೆ ಒತ್ತಡ ಏರಿ ರಕ್ತ ಓಡಾಟ ನಿಲ್ಲುತ್ತಿರಬಹುದು, ತಡ ಮಾಡಿದರೆ ಕಾಲೇ ಹೋಗುತ್ತದೆ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು: ಈ ರೋಗಿಗೆ ಇದು ಇರಬೇಕಾದದ್ದಾ, ಇರಬಾರದ್ದಾ? ಹೊಸದಾ, ಹಳೆಯದಾ? ಎಬಿಸಿ ಆಮೇಲೆ.

ಎಂಟು ವರ್ಷ ಊರಿನ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಅನುಭವ ಕೈ ಹಿಡಿಯುತ್ತಾ?

ನೋಡುವ ವಿಷಯದಲ್ಲಿ ಹಿಡಿಯುತ್ತದೆ. ಬೆವರಿದ ಮುಖ ದೂರದಿಂದಲೇ ಗುರುತಿಸುವ ನಿಮ್ಮ ಕಣ್ಣು ಪುಸ್ತಕ ಓದಿದವರಿಗೆ ಬರುವುದಿಲ್ಲ. ಆದರೆ ಅಭ್ಯಾಸಗಳು ಕಾಲಿಗೆ ತೊಡರುತ್ತವೆ.

ನಮ್ಮ ವಾರ್ಡಿನಲ್ಲಿ ಕೈ ಸಾಲುವುದಿಲ್ಲ. ಪರೀಕ್ಷೆಯ ಲೋಕದಲ್ಲಿ ಸಮಯ, ಸಾಮಾನು, ಜನ ಎಲ್ಲ ಇದೆ, ನಿಮ್ಮ ಎದುರು ಇರುವುದು ಅದೊಬ್ಬ ರೋಗಿ. "ಇದೆಲ್ಲ ಎಲ್ಲಿ ಆಗುತ್ತೆ" ಅಂತ ಸರಿಯಾದ ಆಯ್ಕೆಯನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ. ಆಮೇಲೆ, ಜೊತೆಗೆ ಬಂದ ಮನೆಯವರು. ನಮ್ಮಲ್ಲಿ ಅವರೇ ಊಟ ಮಾಡಿಸುತ್ತಾರೆ, ಅವರೇ ಹೊರಳಿಸುತ್ತಾರೆ, ರಿಪೋರ್ಟ್ ಬಂದರೆ ಮೊದಲು ಹೇಳುವುದೂ ಅವರಿಗೇ. "ಅಮ್ಮನಿಗೆ ಹೇಳಬೇಡಿ ಸಿಸ್ಟರ್, ಭಯಪಡ್ತಾರೆ" ಅಂತ ಮಗ ಅಂದರೆ ನಾವು ತಲೆಯಾಡಿಸುತ್ತೇವೆ. ಅಲ್ಲಿ ಅಮ್ಮನ ಒಪ್ಪಿಗೆ ಇಲ್ಲದೆ ಮಗನಿಗೆ ಹೇಳುವುದೇ ತಪ್ಪು. 1996ರ ಹಿಪಾ ಕಾನೂನಿನ ನಂತರ ಈ ಗುಟ್ಟಿನ ವಿಷಯದಲ್ಲಿ ಅವರು ತುಂಬಾ ಬಿಗಿ. ರೋಗಿಗೆ ಇಂಗ್ಲಿಷ್ ಬರುವುದಿಲ್ಲ ಅಂದರೆ ಮಗಳ ಕೈಯಲ್ಲಿ ಅನುವಾದ ಮಾಡಿಸುವ ಆಯ್ಕೆಯೂ ತಪ್ಪು, ತರಬೇತಿ ಪಡೆದ ದುಭಾಷಿ ಬೇಕು.

ಇನ್ನೊಂದು ಅಭ್ಯಾಸ ಹೇಳಲೇಬೇಕು. "ಡಾಕ್ಟರ್ ಹೇಳಲಿ, ಮಾಡೋಣ" ಅಂತ ಕಾಯುವುದು. ನಾವು ಹಾಗೆ ಬೆಳೆದಿದ್ದೇವೆ. ಕೇಸ್ ಸ್ಟಡಿಯ ಮೊದಲ ಪ್ರಶ್ನೆಗಳಲ್ಲಿ ಎಷ್ಟೋ ಸಲ ಡಾಕ್ಟರ್ ಇನ್ನೂ ಬಂದೇ ಇರುವುದಿಲ್ಲ.

ಆಯ್ಕೆಗಳು ಜಾಸ್ತಿ ಇದ್ದರೆ ಎಲ್ಲಾ ಟಿಕ್ ಮಾಡಿಬಿಡಲಾ? ಈಗ ಭಾಗಶಃ ಅಂಕ ಕೊಡ್ತಾರಂತೆ.

ಕೊಡುತ್ತಾರೆ, ಆದರೆ ಲೆಕ್ಕ ಇದೆ. "ಅನ್ವಯಿಸುವುದನ್ನೆಲ್ಲ ಆರಿಸಿ" ಎನ್ನುವಂಥ ಪ್ರಶ್ನೆಯಲ್ಲಿ ಸರಿಯಾದ ಪ್ರತಿ ಟಿಕ್‌ಗೆ ಒಂದು ಅಂಕ ಸೇರುತ್ತದೆ, ತಪ್ಪು ಟಿಕ್‌ಗೆ ಒಂದು ಕಳೆಯುತ್ತದೆ. ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಆರರಲ್ಲಿ ನಾಲ್ಕು ಸರಿ ಅಂತಿಟ್ಟುಕೊಳ್ಳಿ. ಗೊತ್ತಿದ್ದ ಮೂರನ್ನು ಮಾತ್ರ ಒತ್ತಿದರೆ ಮೂರು ಅಂಕ. ಆರನ್ನೂ ಒತ್ತಿದರೆ ಎರಡು. ಆಸೆ ಪಟ್ಟರೆ ನಷ್ಟ.

ಇಷ್ಟನ್ನೇ ಆರಿಸಿ ಅಂತ ಸಂಖ್ಯೆ ಕೊಟ್ಟಿದ್ದರೆ ಕಳೆಯುವ ಲೆಕ್ಕ ಇಲ್ಲ, ಆ ಸಂಖ್ಯೆ ಪೂರ್ತಿ ಒತ್ತಿ. ಬೋಟೈಯಲ್ಲೂ ಹಾಗೆ. ನಡುವೆ ಒಂದು ತೊಂದರೆ, ಎಡಕ್ಕೆ ಎರಡು ಕೆಲಸ, ಬಲಕ್ಕೆ ಗಮನಿಸಬೇಕಾದ ಎರಡು ಅಂಶ. ನಡುವಿನದನ್ನು ಮೊದಲು ತುಂಬಿ, ಉಳಿದದ್ದು ತಾನಾಗಿ ಕೂರುತ್ತದೆ.

ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡುವುದು ಹೇಗೆ? ದಿನಕ್ಕೆ ಎಷ್ಟು ಪ್ರಶ್ನೆ?

ದಿನಕ್ಕೆ ಇನ್ನೂರು ಪ್ರಶ್ನೆ ಹೊಡೆದೆ ಅನ್ನುವವರ ಮಾತು ಕೇಳಿ ಕಂಗಾಲಾಗಬೇಡಿ. ಒಂದು ಕೇಸನ್ನು ಮುಕ್ಕಾಲು ಗಂಟೆ ಜಗಿದರೆ ಅದರ ರುಚಿ ಬೇರೆ.

ಚಾರ್ಟ್ ಮಾತ್ರ ತೆರೆದಿಟ್ಟು ಆಯ್ಕೆಗಳನ್ನು ಒಂದು ಹಾಳೆಯಿಂದ ಮುಚ್ಚಿ. ಆರು ಪ್ರಶ್ನೆಗೂ ನಿಮ್ಮ ಉತ್ತರ ಬಾಯಿಬಿಟ್ಟು ಹೇಳಿ. ಕನ್ನಡದಲ್ಲೇ ಹೇಳಿ, ಯಾರೂ ಕೇಳುವುದಿಲ್ಲ. ಆಮೇಲೆ ಹಾಳೆ ತೆಗೆಯಿರಿ. ನೀವು ಹೇಳಿದ್ದು ಆಯ್ಕೆಯಲ್ಲಿ ಇದ್ದರೆ ಆಯಿತು. ಇಲ್ಲದಿದ್ದರೆ ನಿಮ್ಮ ಕಣ್ಣಿಗೆ ಏನು ತಪ್ಪಿತು ಅಂತ ಅಲ್ಲೇ ಗೊತ್ತಾಗುತ್ತದೆ.

ತಪ್ಪುಗಳಿಗೆ ಒಂದು ನೋಟ್‌ಬುಕ್ ಇರಲಿ. "ಡಯಾಬಿಟಿಸ್ ತಪ್ಪಾಯಿತು" ಅಂತ ಬರೆದರೆ ಉಪಯೋಗ ಇಲ್ಲ. ಹೀಗೆ ಬರೆಯಿರಿ: ತಿಂಡಿ ತಿಂದಿಲ್ಲ ಅನ್ನುವುದು ಕಾಣಲೇ ಇಲ್ಲ. ಅಥವಾ, ಕಂಡಿತು, ಅರ್ಥ ಆಗಲಿಲ್ಲ. ಅಥವಾ, ಆರ್‌ಎನ್ ಕೆಲಸ ನಾನು ಮಾಡಿದೆ. ಎರಡು ವಾರ ಬರೆದ ಮೇಲೆ ಒಂದು ಸಾಲು ಪದೇ ಪದೇ ಬರುವುದು ಕಾಣುತ್ತದೆ. ನನ್ನ ಪುಸ್ತಕದಲ್ಲಿ ಆ ಸಾಲು "ಮತ್ತೆ ನೋಡಲಿಲ್ಲ" ಅನ್ನುವುದಾಗಿತ್ತು. ಔಷಧಿ ಕೊಟ್ಟ ಮೇಲೆ ನನ್ನ ಮಟ್ಟಿಗೆ ಕಥೆ ಮುಗಿದಂತೆ! ಆರನೇ ಹೆಜ್ಜೆ ಅಂತ ಒಂದಿದೆ ಅನ್ನುವುದೇ ಮರೆತುಹೋಗುತ್ತಿತ್ತು.

ಈಗಾಗಲೇ ಸಹಾಯಕರಾಗಿಯೋ ನರ್ಸ್ ಆಗಿಯೋ ಕೆಲಸದಲ್ಲಿದ್ದರೆ, ಪಾಳಿ ಮುಗಿದ ಮೇಲೆ ಬಸ್ಸಿನಲ್ಲಿ ಕೂತು ಅಂದಿನ ಒಬ್ಬ ರೋಗಿಯನ್ನು ಆರು ಪ್ರಶ್ನೆಗಳಲ್ಲಿ ನೆನಪಿಸಿಕೊಳ್ಳಿ. ಹೆಸರು ಎಲ್ಲೂ ಬರೆಯಬೇಡಿ. ಹೊಸ ಮಾದರಿಯ ಪ್ರಶ್ನೆಗಳು ಹೇಗಿರುತ್ತವೆ ಅಂತ ನೋಡಲು ಎನ್‌ಕ್ಲೆಕ್ಸ್‌ನವರ ಜಾಲತಾಣದಲ್ಲೇ ಮಾದರಿಗಳಿವೆ, ದುಡ್ಡು ಕೊಡಬೇಕಿಲ್ಲ.

ಇಂಗ್ಲಿಷ್ ಓದುವುದು ನಿಧಾನ. ಸಮಯ ಸಾಲುತ್ತಾ?

150 ಪ್ರಶ್ನೆ ಬಂದರೂ ಒಂದಕ್ಕೆ ಎರಡು ನಿಮಿಷ ಸಿಗುತ್ತದೆ. ಚಾರ್ಟನ್ನು ಒಮ್ಮೆ ನಿಧಾನವಾಗಿ ಓದಿದರೆ ಆರು ಪ್ರಶ್ನೆಗೂ ಅದೇ ಆಧಾರ. ನಿಜವಾಗಿ ತಡೆಯುವುದು ಇಂಗ್ಲಿಷಲ್ಲ, ಅಮೆರಿಕದ ಔಷಧಿ ಹೆಸರುಗಳು. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಸಾಲ್ಬುಟಮಾಲ್ ಅಂದರೆ ಅಲ್ಬ್ಯುಟೆರಾಲ್. ಅಡ್ರಿನಾಲಿನ್ ಅಂದರೆ ಎಪಿನೆಫ್ರಿನ್, ಪೆಥಿಡಿನ್ ಅಂದರೆ ಮೆಪೆರಿಡಿನ್, ಗ್ಲಿಬೆನ್‌ಕ್ಲಮೈಡ್ ಅಂದರೆ ಗ್ಲೈಬುರೈಡ್. ತೂಕ ಪೌಂಡಿನಲ್ಲಿ ಕೊಟ್ಟರೆ 2.2ರಿಂದ ಭಾಗಿಸಿ ಕಿಲೋ ಮಾಡಿಕೊಳ್ಳಿ. ಪರದೆಯಲ್ಲೇ ಕ್ಯಾಲ್ಕುಲೇಟರ್ ಇದೆ.

85ಕ್ಕೇ ಕಂಪ್ಯೂಟರ್ ನಿಂತರೆ ಪಾಸಾ?

ಪಾಸೂ ಇರಬಹುದು, ಫೇಲೂ ಇರಬಹುದು. ನೀವು ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಅನ್ನುವುದು ಶೇ 95ರಷ್ಟು ಖಚಿತವಾದಾಗ ಅದು ನಿಲ್ಲುತ್ತದೆ. 150ರವರೆಗೂ ಹೋಗಿ ಪಾಸಾದವರು ಬೇಕಾದಷ್ಟು ಜನ ಇದ್ದಾರೆ.

ಫೇಲಾದರೆ?

ಎನ್‌ಸಿಎಸ್‌ಬಿಎನ್ ನಿಯಮದಂತೆ 45 ದಿನ ಕಾದು ಮತ್ತೆ ಬರೆಯಬಹುದು, ಮತ್ತೆ ಫೀಸ್ 200 ಡಾಲರ್. ಕೆಲವು ರಾಜ್ಯಗಳಿಗೆ ತಮ್ಮದೇ ಮಿತಿಗಳಿವೆ. ಜೊತೆಗೆ ಒಂದು ವರದಿ ಕೊಡುತ್ತಾರೆ, ಯಾವ ಭಾಗದಲ್ಲಿ ಗೆರೆಗಿಂತ ಮೇಲೆ, ಹತ್ತಿರ, ಕೆಳಗೆ ಅಂತ. ಅದನ್ನು ನಿಮ್ಮ ತಪ್ಪುಗಳ ನೋಟ್‌ಬುಕ್ ಪಕ್ಕದಲ್ಲಿಟ್ಟು ಓದಿ.

ಪರೀಕ್ಷೆಯ ಹಿಂದಿನ ದಿನ ಎಷ್ಟು ಕೇಸ್ ಮಾಡಲಿ?

ಒಂದೂ ಬೇಡ. ಅದರ ಬದಲು ಗುರುತಿನ ಚೀಟಿ ತೆಗೆದು ನೋಡಿ, ಅಲ್ಲ, ತಿಂಗಳ ಮುಂಚೆಯೇ ನೋಡಿ. ಪರೀಕ್ಷೆಯ ಅನುಮತಿ ಪತ್ರದಲ್ಲಿರುವ ಹೆಸರೂ ಗುರುತಿನ ಚೀಟಿಯಲ್ಲಿರುವ ಹೆಸರೂ ಹೊಂದಬೇಕು. ನಮ್ಮವರ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಜೊತೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಬಿಡಿಸಿ, ಮದುವೆ ಆದ ಮೇಲೆ ಇನ್ನೊಂದು ಥರ. ಇದನ್ನು ಬಾಗಿಲಲ್ಲಿ ನಿಂತು ಸರಿಮಾಡಲು ಆಗುವುದಿಲ್ಲ.